ಬಳಲಿದ ಹೃದಯಕ್ಕೆ ತಕ್ಕ ಆರೈಕೆ ಏಕೆ ದೊರೆಯದು?

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ವೈದ್ಯಕೀಯ ವಿಷಯವನ್ನು ಕುರಿತು ಮಾತನಾಡಲು ಬ್ಯಾಂಕಿನ ಗುಮಾಸ್ತನೊಬ್ಬ ಎದ್ದು ನಿಂತಿರುವುದನ್ನು ಕಂಡು ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ನಾನು ಓದಿದ್ದು ಬಿ.ಕಾಂ. ನಾಡಿ ಹಿಡಿದು ನೋಡುವ ವಿದ್ಯೆ ನನಗೆ ತಿಳಿಯದು. ಇಂಥ ಔಷಧ ತೆಗೆದುಕೊಳ್ಳಿರಿ, ಇಂಥದನ್ನು ಬಿಡಿರಿ ಎಂದು ಹೇಳುವ ಅಧಿಕಾರವೂ ನನಗಿಲ್ಲ. ನಾನು ಹೇಳಹೊರಟಿರುವುದು ರೋಗಕ್ಕೆ ಮದ್ದಿದ್ದೂ ಆ ಮದ್ದು ರೋಗಿಯನ್ನು ಏಕೆ ಮುಟ್ಟುವುದಿಲ್ಲ ಎಂಬ ಸಂಗತಿ. ಮಂಜೂರಾದ ಹಣ ಖಾತೆದಾರನ ಕೈಗೆ ಏಕೆ ಸೇರಲಿಲ್ಲ, ಯಾವ ಮೇಜಿನ ಮೇಲೆ ನಿಂತಿತು ಎಂದು ಹುಡುಕುವುದು ನಮ್ಮ ವೃತ್ತಿಯಲ್ಲಿ ನಿತ್ಯದ ಕೆಲಸ. ಅಷ್ಟರಮಟ್ಟಿಗೆ ಈ ವಿಷಯ ನನಗೂ ಸಂಬಂಧಿಸಿದ್ದು ಎಂದು ತಾವು ಒಪ್ಪಿಕೊಂಡರೆ ಮುಂದಕ್ಕೆ ಹೋಗುತ್ತೇನೆ.

ಮೊದಲನೆಯದಾಗಿ ಹೆಸರಿನ ತೊಡಕು. ಈ ರೋಗಕ್ಕೆ ಇಂಗ್ಲಿಷಿನವರು ಇಟ್ಟಿರುವ ಹೆಸರು ‘ಹಾರ್ಟ್ ಫೇಲ್ಯೂರ್’. ನಮ್ಮಲ್ಲಿ ‘ಹೃದಯ ವೈಫಲ್ಯ’ ಎಂದು ಬರೆಯುತ್ತಾರೆ. ಆದರೆ ನಮ್ಮ ಊರುಗಳಲ್ಲಿ ‘ಹಾರ್ಟ್‌ಫೇಲ್ ಆಯಿತಂತೆ’ ಎಂದರೆ ಅದರ ಅರ್ಥವೇ ಬೇರೆ. ನಿನ್ನೆ ಸಂಜೆ ಕಟ್ಟೆಯ ಮೇಲೆ ಕುಳಿತು ಹರಟೆ ಹೊಡೆದವರು ಇಂದು ಬೆಳಗ್ಗೆ ಏಳಲಿಲ್ಲ ಎಂದು ಅರ್ಥ. ಹೀಗಿರುವಾಗ ಡಾಕ್ಟರು ‘ನಿಮ್ಮ ತಂದೆಯವರಿಗೆ ಹಾರ್ಟ್ ಫೇಲ್ಯೂರ್ ಇದೆ’ ಎಂದರೆ, ಎದುರಿಗೆ ಕುಳಿತು ಎಲೆಯಡಿಕೆಯ ಚೀಲವನ್ನು ತಡವುತ್ತಿರುವ ತಂದೆಯನ್ನು ನೋಡಿ ಮಗನು ಏನೆಂದುಕೊಳ್ಳಬೇಕು? ಬ್ಯಾಂಕಿನವನಾದ ನನಗಂತೂ ‘ಫೇಲ್’ ಎಂಬ ಮಾತೇ ಎದೆಯೊಡೆಯುವಂಥದು. ಫೇಲಾದ ಬ್ಯಾಂಕು ಎಂದರೆ ಬಾಗಿಲಿಗೆ ಬೀಗ ಬಿದ್ದ ಬ್ಯಾಂಕು. ವೈದ್ಯಶಾಸ್ತ್ರದವರ ಅಭಿಪ್ರಾಯ ಅದಲ್ಲ. ಬಾಗಿಲು ತೆರೆದೇ ಇದೆ, ಕೌಂಟರಿನಲ್ಲಿ ಜನವೂ ಕುಳಿತಿದ್ದಾರೆ. ಆದರೆ ಪಾವತಿಯ ಕೆಲಸ ಬೇಡಿಕೆಗೆ ಸಾಲದೆ, ಸಾಲು ಬೆಳೆಬೆಳೆದು ಬೀದಿಗೆ ಬಂದಿದೆ. ಇದೇ ಹೃದಯ ವೈಫಲ್ಯ.

ಹೃದಯವು ರಕ್ತವನ್ನು ಒತ್ತಿ ಕಳುಹಿಸುವ ಒಂದು ಪಂಪು. ಯಾವುದೋ ಕಾರಣದಿಂದ—ಹಿಂದೆ ಆದ ಹೃದಯಾಘಾತ, ಬಹುಕಾಲ ಲಕ್ಷ್ಯವಿಲ್ಲದೆ ಬಿಟ್ಟ ರಕ್ತದ ಒತ್ತಡ, ಎಳೆತನದಲ್ಲಿ ಬಂದ ಕೀಲುಜ್ವರದಿಂದ ಕೆಟ್ಟ ಕವಾಟ, ಸಕ್ಕರೆ ಕಾಯಿಲೆ—ಅದರ ಸ್ನಾಯು ಬಳಲುತ್ತದೆ, ಇಲ್ಲವೆ ಬಿಗಿಯುತ್ತದೆ. ಆಗ ಮುಂದಕ್ಕೆ ಹೋಗಬೇಕಾದ ರಕ್ತ ಹಿಂದೆ ಒತ್ತರಿಸಿಕೊಂಡು, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಕಾಲು ಬಾಯುತ್ತದೆ. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ. ಮಲಗಿದರೆ ಉಸಿರು ಕಟ್ಟುವುದರಿಂದ ತಲೆಯ ಕೆಳಗೆ ಒಂದು ದಿಂಬಿದ್ದುದು ಎರಡಾಗುತ್ತದೆ, ಎರಡಿದ್ದುದು ಮೂರಾಗುತ್ತದೆ. ಡಾಕ್ಟರುಗಳು ರೋಗಿಯನ್ನು ‘ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ?’ ಎಂದು ಕೇಳುವುದುಂಟು. ಕೇಳಿದವರು ನಗುವಂಥ ಪ್ರಶ್ನೆ, ಆದರೆ ಬಹಳ ಅರ್ಥವುಳ್ಳ ಪ್ರಶ್ನೆ. ಈ ರೋಗವು ಒಮ್ಮೆ ಬಂದರೆ ಸಾಮಾನ್ಯವಾಗಿ ಉಳಿಯುವಂಥದು. ಒಂದು ವಾರ ಆಸ್ಪತ್ರೆಯಲ್ಲಿದ್ದು ಗುಣವಾಯಿತು ಎನ್ನುವಂಥದಲ್ಲ. ಆದುದರಿಂದಲೇ ಇದನ್ನು ದೀರ್ಘಕಾಲದ ಹೃದಯ ವೈಫಲ್ಯ ಎನ್ನುವರು.

ಮದ್ದಿಲ್ಲದ ರೋಗವಾಗಿದ್ದರೆ ನಾನು ಈ ಭಾಷಣ ಮಾಡುತ್ತಿರಲಿಲ್ಲ. ೧೭೮೫ರಲ್ಲಿ ವಿಲಿಯಂ ವಿದರಿಂಗ್ ಎಂಬ ಆಂಗ್ಲ ವೈದ್ಯರು ಫಾಕ್ಸ್‌ಗ್ಲವ್ ಎಂಬ ಗಿಡದ ಎಲೆಯನ್ನು ಕುರಿತು ಗ್ರಂಥ ಬರೆದರು. ಆ ಎಲೆಯ ಗುಣದ ಸುಳಿವು ಅವರಿಗೆ ಸಿಕ್ಕಿದ್ದು ಶ್ರಾಪ್‌ಷೈರಿನ ಒಬ್ಬ ಮುದುಕಿಯ ಮನೆಮದ್ದಿನಿಂದ. ಅಲ್ಲಿಂದ ಮುಂದೆ ಬಹುಕಾಲ ಆ ಎಲೆಯ ಸತ್ವ, ಮೂತ್ರ ಹೊರಡಿಸುವ ಔಷಧ, ಇಷ್ಟೇ ಆಧಾರವಾಗಿದ್ದುವು. ಇವು ಬಾವು ಇಳಿಸುತ್ತಿದ್ದುವು. ಆಯುಸ್ಸನ್ನು ಹೆಚ್ಚಿಸುತ್ತಿದ್ದುವೆಂದು ಯಾರೂ ತೋರಿಸಿರಲಿಲ್ಲ. ೧೯೮೭ರಲ್ಲಿ ನಾರ್ವೆ, ಸ್ವೀಡನ್, ಫಿನ್ಲೆಂಡ್ ದೇಶಗಳಲ್ಲಿ ೨೫೩ ಮಂದಿ ತೀವ್ರ ರೋಗಿಗಳ ಮೇಲೆ ನಡೆದ ಒಂದು ಪರೀಕ್ಷೆಯ ಫಲ ಪ್ರಕಟವಾಯಿತು. ಎನಲಾಪ್ರಿಲ್ ಎಂಬ ಔಷಧ ದೊರೆತವರಲ್ಲಿ ಆರು ತಿಂಗಳಲ್ಲಿ ತೀರಿಕೊಂಡವರು ನೂರಕ್ಕೆ ೨೬. ದೊರೆಯದವರಲ್ಲಿ ನೂರಕ್ಕೆ ೪೪. ೧೯೯೯ರಲ್ಲಿ ಇನ್ನೆರಡು ಬಗೆಯ ಔಷಧಗಳು—ಬೀಟಾ ಬ್ಲಾಕರ್ ಎಂಬ ವರ್ಗ ಮತ್ತು ಸ್ಪೈರನೊಲ್ಯಾಕ್ಟೋನ್—ಪ್ರತ್ಯೇಕ ಪರೀಕ್ಷೆಗಳಲ್ಲಿ ಸಾವಿನ ಅಪಾಯವನ್ನು ಸುಮಾರು ಮೂರರಲ್ಲೊಂದು ಪಾಲು ತಗ್ಗಿಸಿದುವು. ೨೦೧೯ರಲ್ಲಿ ಸಕ್ಕರೆ ಕಾಯಿಲೆಗೆಂದು ಹುಟ್ಟಿದ ಡಪಾಗ್ಲಿಫ್ಲೋಜಿನ್ ಎಂಬ ಗುಳಿಗೆ, ಸಕ್ಕರೆ ಕಾಯಿಲೆ ಇಲ್ಲದ ಹೃದಯ ರೋಗಿಗಳಿಗೂ ಉಪಕಾರಿ ಎಂದು ಕಂಡುಬಂತು. ಅದರ ಪೇಟೆಂಟು ೨೦೨೦ರಲ್ಲಿ ನಮ್ಮ ದೇಶದಲ್ಲಿ ಮುಗಿದುದರಿಂದ ಅನೇಕ ಕಂಪನಿಗಳು ಅದನ್ನು ತಯಾರಿಸಿ, ಬೆಲೆಯೂ ಇಳಿಯಿತು. ಹೃದಯದ ಒತ್ತುವ ಶಕ್ತಿ ಕುಂದಿರುವ ರೋಗಿಗಳಿಗೆ ಇವೆಲ್ಲವನ್ನೂ ಕೂಡಿಸಿ ಕೊಡುವುದೇ ಈಗಿನ ಪದ್ಧತಿ.

ಹಾಗಿದ್ದರೆ ತೊಡಕು ಎಲ್ಲಿದೆ? ಔಷಧ ಇದೆ, ಅದನ್ನು ಕೊಡಿರೆಂದು ಹೇಳುವ ಗ್ರಂಥ ಇದೆ. ಆದರೂ ಔಷಧ ದೊರೆಯಬೇಕಾದ ರೋಗಿಗಳಲ್ಲಿ ಎಷ್ಟೋ ಮಂದಿಗೆ ಅದು ದೊರೆಯುತ್ತಿಲ್ಲ. ಎಷ್ಟು ಮಂದಿಗೆ ದೊರೆಯುತ್ತಿಲ್ಲ ಎಂಬುದನ್ನು ಅಂಕಿಯಿಂದ ತಿಳಿಯಬಹುದು. ಏಕೆ ದೊರೆಯುತ್ತಿಲ್ಲ ಎಂಬುದು ಅಂಕಿಗೆ ಸಿಕ್ಕುವಂಥದಲ್ಲ. ಅದನ್ನು ಬಾಯಿಬಿಟ್ಟು ಕೇಳಬೇಕು. ಕೇಳಿದ ಮೇಲೆ ಸುಮ್ಮನೆ ಕುಳಿತು ಕಿವಿಗೊಡಬೇಕು.

ಹೀಗೆ ಕೇಳಿ ತಿಳಿಯುವ ಶಾಸ್ತ್ರಕ್ಕೆ ಗುಣಾತ್ಮಕ ಸಂಶೋಧನೆ ಎಂದು ಹೆಸರು. ಹತ್ತಾರು ಜನರನ್ನು ಆರಿಸಿಕೊಂಡು, ಒಬ್ಬೊಬ್ಬರನ್ನಾಗಿಯೋ ಗುಂಪಾಗಿ ಕೂರಿಸಿಯೋ ಮಾತನಾಡಿಸುತ್ತಾರೆ. ಮಾತನ್ನೆಲ್ಲ ಧ್ವನಿಮುದ್ರಿಸಿ ಅಕ್ಷರಶಃ ಬರೆದಿಡುತ್ತಾರೆ. ಆಮೇಲೆ ಒಬ್ಬರಿಗಿಂತ ಹೆಚ್ಚು ಮಂದಿ ಅದನ್ನು ಸಾಲುಸಾಲಾಗಿ ಓದಿ, ಯಾವ ಯಾವ ವಿಚಾರ ಮರಳಿ ಮರಳಿ ಬರುತ್ತದೆ ಎಂದು ಗುರುತು ಹಾಕುತ್ತಾರೆ. ಇನ್ನೂ ಕೇಳಿದರೂ ಹೊಸ ವಿಚಾರ ಹೊರಡದು ಎನ್ನುವಾಗ ನಿಲ್ಲಿಸುತ್ತಾರೆ. ಮೂವತ್ತು ಜನರನ್ನು ಕೇಳಿ ಏನು ತಿಳಿದೀತು ಎಂದು ಲೆಕ್ಕದವರು ಮೂಗು ಮುರಿಯುವುದುಂಟು. ನಮ್ಮ ಆಡಿಟರುಗಳಂತೂ ಖಂಡಿತ ಮುರಿಯುವರು. ಆದರೆ ತಾವು ಬ್ಯಾಂಕಿನ ದೂರಿನ ಪುಸ್ತಕವನ್ನು ನೋಡಿರಿ. ಈ ತಿಂಗಳು ನಲವತ್ತು ದೂರು ಬಂದುವು ಎಂಬ ಅಂಕಿಯಿಂದ ಮೇಲಧಿಕಾರಿಗೆ ಕೋಪ ಬರಬಹುದೇ ಹೊರತು ಬುದ್ಧಿ ಬರುವುದಿಲ್ಲ. ಅದರಲ್ಲಿನ ಹತ್ತು ದೂರುಗಳನ್ನು ಕುಳಿತು ಓದಿದರೆ, ಪೆನ್ಷನ್ನಿನ ಮುದುಕರು ಬರಲಾರದ್ದು ಮೆಟ್ಟಿಲಿಗೆ ಕಂಬಿ ಇಲ್ಲದ್ದರಿಂದ ಎಂದು ಗೊತ್ತಾಗುತ್ತದೆ.

ಈ ಬಗೆಯ ಸಂಶೋಧನೆಗಳಲ್ಲಿ ನನ್ನ ಮನಸ್ಸಿಗೆ ಬಹಳ ಹಿಡಿದದ್ದು ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಆಹ್ಮೆತ್ ಫುವಾತ್, ಪಾಲಿ ಹಂಗಿನ್, ಜೆರೆಮಿ ಮರ್ಫಿ ಎಂಬ ಮೂವರು ವೈದ್ಯರು ಮಾಡಿದುದು. ೨೦೦೩ರ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಅದು ಅಚ್ಚಾಯಿತು. ಆ ದೇಶದಲ್ಲಿ ಪ್ರತಿಯೊಬ್ಬ ಪ್ರಜೆಗೂ ಒಬ್ಬ ಕುಟುಂಬ ವೈದ್ಯರಿರುತ್ತಾರೆ. ಮೊದಲು ಅವರ ಬಳಿಗೆ ಹೋಗಬೇಕು. ಅಂಥ ೩೦ ಮಂದಿ ವೈದ್ಯರನ್ನು ನಾಲ್ಕು ಗುಂಪುಗಳಾಗಿ ಕೂರಿಸಿ, ‘ಹೃದಯ ವೈಫಲ್ಯದ ರೋಗಿಗಳನ್ನು ಗುರುತಿಸಿ ಸರಿಯಾಗಿ ಉಪಚರಿಸಲು ನಿಮಗೇನು ಅಡ್ಡಿ?’ ಎಂದು ಕೇಳಿದರು. ಇಲ್ಲಿನ ವಿಶೇಷ ನೋಡಿರಿ: ತಪ್ಪು ಹುಡುಕುವ ಆಡಿಟಿನಂತೆ ಕೇಳಿದ್ದಲ್ಲ, ಸಹೋದ್ಯೋಗಿಯನ್ನು ಕೇಳಿದಂತೆ ಕೇಳಿದರು. ಆದುದರಿಂದಲೇ ಒಳಗಿನ ಮಾತು ಹೊರಗೆ ಬಂತು.

ವೈದ್ಯರು ಹೇಳಿದುದು ಮೂರು ಬಗೆಯಾಗಿತ್ತು. ಮುಖ್ಯವಾದುದು ಅನಿಶ್ಚಯ. ವಯಸ್ಸಾದವರು ಏದುಸಿರೆಂದು ಬರುತ್ತಾರೆ. ಅದು ಹೃದಯದ್ದೋ, ಶ್ವಾಸಕೋಶದ್ದೋ, ಸ್ಥೂಲಕಾಯದ್ದೋ, ಬರಿಯ ಮುಪ್ಪಿನದೋ ಎಂದು ಧೈರ್ಯವಾಗಿ ಹೇಳಲಾಗುವುದಿಲ್ಲ. ಹೃದಯದ ಪ್ರತಿಧ್ವನಿ ಪರೀಕ್ಷೆ, ಅಂದರೆ ಎಕೋ, ಮಾಡಿಸುವುದೂ ಅದರ ವರದಿಯ ಅರ್ಥ ತಿಳಿಯುವುದೂ ಅವರಿಗೆ ಸುಲಭವಾಗಿರಲಿಲ್ಲ. ರೋಗ ಇಂಥದೇ ಎಂದು ತಿಳಿದ ಮೇಲೂ ಕೈ ನಡುಗುತ್ತಿತ್ತು: ಬಡಕಲು ದೇಹದ ಮುದುಕಿಗೆ ಈ ಹೊಸ ಔಷಧ ಕೊಟ್ಟು ಮೂತ್ರಪಿಂಡ ಕೆಟ್ಟರೆ? ರಕ್ತದ ಒತ್ತಡ ಬಿದ್ದು ಆಕೆ ನೆಲಕ್ಕುರುಳಿದರೆ? ಬೀಟಾ ಬ್ಲಾಕರಿನ ವಿಷಯವಂತೂ ಮತ್ತೂ ಕಷ್ಟ. ಅದು ಹೃದಯದ ವೇಗವನ್ನು ತಗ್ಗಿಸುವ ಔಷಧ. ಬಳಲಿದ ಹೃದಯಕ್ಕೆ ಅದನ್ನು ಸರ್ವಥಾ ಕೊಡಕೂಡದೆಂದು ಇವರೆಲ್ಲ ಕಾಲೇಜಿನಲ್ಲಿ ಕಲಿತವರು. ೧೯೭೫ರಲ್ಲೇ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ವಾಗ್‌ಸ್ಟೈನ್ ಮತ್ತು ಅವರ ಸಂಗಡಿಗರು ಏಳು ಮಂದಿ ರೋಗಿಗಳಿಗೆ ಕೊಟ್ಟು ಗುಣ ಕಂಡಿದ್ದರು. ಲೋಕ ನಂಬಲು ಇಪ್ಪತ್ತನಾಲ್ಕು ವರ್ಷ ಹಿಡಿಯಿತು. ನಿನ್ನೆಯವರೆಗೆ ವಿಷವೆಂದು ಕಲಿಸಿದ್ದನ್ನು ಇಂದಿನಿಂದ ಅಮೃತವೆಂದು ಬರೆದುಕೊಡಿರೆಂದರೆ ಕೈ ತಡೆಯುವುದು ಮನುಷ್ಯ ಸಹಜವೇ ಅಲ್ಲವೆ? ನನಗೆ ಆ ವೈದ್ಯರ ಮೇಲೆ ಕನಿಕರವೇ ಬಂತು.

ಎರಡನೆಯದು ಹೊಸ ಸಂಶೋಧನೆಗಳ ಅರಿವಿನ ಕೊರತೆ. ಇದನ್ನು ವಿಸ್ತರಿಸಬೇಕಾಗಿಲ್ಲ. ಮೂರನೆಯದು ಸ್ಥಳೀಯ ವ್ಯವಸ್ಥೆ ಮತ್ತು ಆಯಾ ವೈದ್ಯರ ಸ್ವಂತ ಒಲವು. ಒಂದು ಊರಿನಲ್ಲಿ ಪರೀಕ್ಷೆ ಸಿಕ್ಕುತ್ತದೆ, ಪಕ್ಕದ ಊರಿನಲ್ಲಿ ಸಿಕ್ಕದು. ಒಂದು ಆಸ್ಪತ್ರೆಯ ತಜ್ಞರಿಗೆ ಈ ರೋಗದಲ್ಲಿ ಆಸಕ್ತಿ, ಇನ್ನೊಬ್ಬರಿಗಿಲ್ಲ. ಅಂತೂ ರೋಗಿಯ ಗತಿ ಅವನ ರೋಗದ ಮೇಲೆ ನಿಂತಿರುವಷ್ಟೇ ಅವನ ಮನೆಯ ವಿಳಾಸದ ಮೇಲೂ ನಿಂತಿದೆ ಎಂದಾಯಿತು. ಆ ವರ್ಷವೇ ಅಲ್ಲಿನ ರಾಷ್ಟ್ರೀಯ ಸಂಸ್ಥೆ ಇದನ್ನು ಕುರಿತು ಮಾರ್ಗಸೂಚಿ ಹೊರಡಿಸಿತು. ೨೦೧೦ರಲ್ಲಿಯೂ ೨೦೧೮ರಲ್ಲಿಯೂ ಪರಿಷ್ಕರಿಸಿತು.

ಇದು ವೈದ್ಯರ ಕಡೆಯ ಮಾತು. ರೋಗಿಗಳ ಕಡೆಯ ಮಾತೇನು? ೨೦೦೦ದಲ್ಲಿ ಲಂಡನ್ನಿನಲ್ಲಿ ಆಂಜೆಲಾ ರಾಜರ್ಸ್ ಮತ್ತು ಸಂಗಡಿಗರು ೨೭ ರೋಗಿಗಳನ್ನು ಮಾತನಾಡಿಸಿದರು. ಆ ರೋಗಿಗಳಿಗೆ ತಮ್ಮ ರೋಗವೇನೆಂಬುದೇ ಸರಿಯಾಗಿ ತಿಳಿದಿರಲಿಲ್ಲ. ಉಸಿರಾಟದ ಕಷ್ಟ, ಆಯಾಸ ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡಿದ್ದರು. ತಿಳಿಯಬೇಕೆಂಬ ಆಸೆಯಿತ್ತು, ಆದರೆ ಡಾಕ್ಟರು ಹೆಚ್ಚು ಹೇಳಲೊಲ್ಲರು ಎಂಬ ಭಾವನೆಯೂ ಇತ್ತು. ಮರೆವು, ಗಲಿಬಿಲಿ, ಆಸ್ಪತ್ರೆಗೆ ಹೋಗಿಬರುವ ಕಷ್ಟ ಇವು ಬೇರೆ. ಡಾಕ್ಟರು ಹೇಳಲು ಹಿಂಜರಿಯುತ್ತಾರೆ, ರೋಗಿ ಕೇಳಲು ಹಿಂಜರಿಯುತ್ತಾನೆ. ಇಬ್ಬರ ನಡುವೆ ಮೇಜು ಒಂದೇ ಮೊಳದ್ದಾದರೂ ದಾಟುವವರಿಲ್ಲ.

೨೦೦೨ರಲ್ಲಿ ಸ್ಕಾಟ್ಲೆಂಡಿನ ಸ್ಕಾಟ್ ಮರ್ರೆ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನೊಂದು ಬಗೆಯದು. ಶ್ವಾಸಕೋಶದ ಕ್ಯಾನ್ಸರಿನಿಂದ ನರಳುವ ೨೦ ಮಂದಿ, ಹೃದಯ ವೈಫಲ್ಯದಿಂದ ನರಳುವ ೨೦ ಮಂದಿ—ಇವರನ್ನೂ ಇವರ ಮನೆಯವರನ್ನೂ ಕೆಲವು ತಿಂಗಳಿಗೊಮ್ಮೆ ಮತ್ತೆ ಮತ್ತೆ ಹೋಗಿ ಮಾತನಾಡಿಸಿದರು. ಕ್ಯಾನ್ಸರ್ ರೋಗಿಗೆ ತನಗೆ ಏನಾಗಿದೆ, ಮುಂದೇನು ಎಂಬುದು ಗೊತ್ತು. ದಾದಿ, ಸಹಾಯಧನ, ವಿಚಾರಿಸುವವರು ಎಲ್ಲ ಉಂಟು. ಹೃದಯ ರೋಗಿಗೆ ಇವು ಬಹಳ ಕಡಮೆ. ಅವನ ರೋಗವು ಮೆಟ್ಟಿಲಿಳಿದಂತೆ ಇಳಿಯುವುದು: ಸ್ವಲ್ಪ ಕಾಲ ಸಮ, ಇದ್ದಕ್ಕಿದ್ದಂತೆ ಒಂದು ಕುಸಿತ, ಆಸ್ಪತ್ರೆ, ಮತ್ತೆ ಚೇತರಿಕೆ, ಆದರೆ ಹಿಂದಿನ ಮಟ್ಟಕ್ಕಲ್ಲ. ಪ್ರತಿ ಸಲವೂ ಚೇತರಿಸಿಕೊಂಡುದರಿಂದ ಮನೆಯವರು ಈ ಸಲವೂ ಚೇತರಿಸುವರೆಂದೇ ತಿಳಿಯುತ್ತಾರೆ. ಸಾವು ಬಂದಾಗ ಅದು ಯಾರೂ ಎದುರುನೋಡದ ಅತಿಥಿ. ಹೇಳಬೇಕಾದ ಮಾತು, ಕೇಳಬೇಕಾದ ಮಾತು ಎಲ್ಲ ಉಳಿದುಹೋಗುತ್ತದೆ.

ನ್ಯೂಯಾರ್ಕಿನಲ್ಲಿ ಕರೋಲ್ ಹೊರೊವಿಟ್ಸ್ ಮತ್ತು ಸಂಗಡಿಗರು ೧೯ ರೋಗಿಗಳನ್ನು ಕೇಳಿ ೨೦೦೪ರಲ್ಲಿ ಬರೆದುದು ಮತ್ತೊಂದು ತೊಡಕನ್ನು ತೋರಿಸುತ್ತದೆ. ಆ ರೋಗಿಗಳು ಇದನ್ನು ಸದಾ ಇರುವ ರೋಗವೆಂದು ತಿಳಿದಿರಲೇ ಇಲ್ಲ. ಆಗಾಗ ಬಂದು ಹೋಗುವ ಆಪತ್ತು ಎಂದು ತಿಳಿದಿದ್ದರು. ಉಸಿರು ಕಟ್ಟಿದಾಗ ಆಸ್ಪತ್ರೆಗೆ ಓಡುವುದು, ಇಳಿದ ಮೇಲೆ ಮರೆಯುವುದು. ಕಾಲು ಬಾಯುವುದಕ್ಕೂ ಹೃದಯಕ್ಕೂ ಸಂಬಂಧವುಂಟೆಂದು ಅವರಿಗೆ ಹೊಳೆದಿರಲಿಲ್ಲ. ನಮ್ಮಲ್ಲಿ ಕಾಲು ಬಾತರೆ ‘ಪ್ರಯಾಣ ಹೆಚ್ಚಾಯಿತು’, ‘ವಾಯು’, ‘ನೀರು ಬದಲಾಯಿತು’ ಎನ್ನುವುದಿಲ್ಲವೆ? ಅಮೆರಿಕದವರೂ ನಮ್ಮವರೇ ಎಂದುಕೊಂಡೆ.

ಇನ್ನು ನಮ್ಮ ದೇಶಕ್ಕೆ ಬರೋಣ. ೨೦೧೩ರಲ್ಲಿ ತಿರುವನಂತಪುರ ಜಿಲ್ಲೆಯ ೧೮ ಆಸ್ಪತ್ರೆಗಳಲ್ಲಿ ಹೃದಯ ವೈಫಲ್ಯದಿಂದ ದಾಖಲಾದ ೧೨೦೫ ಮಂದಿಯ ಒಂದು ದಾಖಲೆ ತಯಾರಾಯಿತು. ಅವರ ಸರಾಸರಿ ವಯಸ್ಸು ೬೧. ಪಾಶ್ಚಾತ್ಯ ದೇಶಗಳ ರೋಗಿಗಳಿಗಿಂತ ಸುಮಾರು ಹತ್ತು ವರ್ಷ ಕಿರಿಯರು. ಮನೆಗೆ ಹೊರಡುವಾಗ ಶಾಸ್ತ್ರೋಕ್ತವಾದ ಔಷಧಗಳನ್ನು ಕೈಯಲ್ಲಿ ಹಿಡಿದು ಹೋದವರು ನಾಲ್ಕರಲ್ಲಿ ಒಬ್ಬರು ಮಾತ್ರ. ಐದು ವರ್ಷಗಳಲ್ಲಿ ನೂರಕ್ಕೆ ೫೯ ಮಂದಿ ತೀರಿಕೊಂಡರು. ೨೦೧೯-೨೦ರಲ್ಲಿ ದೇಶದ ೫೩ ಆಸ್ಪತ್ರೆಗಳಿಂದ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿ ಮಾಡಿದ ರಾಷ್ಟ್ರೀಯ ದಾಖಲೆಯಲ್ಲಿಯೂ, ಹೃದಯದ ಶಕ್ತಿ ಕುಂದಿದವರಲ್ಲಿ ತಕ್ಕ ಔಷಧಗಳೆಲ್ಲ ದೊರೆತವರು ಅರ್ಧಕ್ಕಿಂತ ಕಡಮೆ. ಆಸ್ಪತ್ರೆಗೆ ಸೇರಿದವರ ಮಾತಿದು. ಸೇರದೆ ಮನೆಯಲ್ಲಿರುವವರು ಯಾವ ಲೆಡ್ಜರಿನಲ್ಲಿಯೂ ಇಲ್ಲ.

ಪ್ರತಿ ವರ್ಷ ನವೆಂಬರಿನಲ್ಲಿ, ನಾವಿಲ್ಲಿ ರಾಜ್ಯೋತ್ಸವದ ಗಡಿಬಿಡಿಯಲ್ಲಿರುವಾಗಲೇ, ಬ್ಯಾಂಕಿನಲ್ಲಿ ಪೆನ್ಷನ್‌ದಾರರ ಜಾತ್ರೆ ನೆರೆಯುತ್ತದೆ. ತಾವು ಬದುಕಿದ್ದೇವೆಂದು ಪ್ರಮಾಣ ಕೊಡಲು ಬರುತ್ತಾರೆ. ಈಗ ಮನೆಯಿಂದಲೇ ಯಂತ್ರದ ಮೂಲಕ ಕೊಡುವ ಅನುಕೂಲವಿದ್ದರೂ ಎಷ್ಟೋ ಜನಕ್ಕೆ ಗುಮಾಸ್ತನ ಮುಖ ನೋಡಿ ಸಹಿ ಮಾಡಿದರೇ ಸಮಾಧಾನ. ಬೆಂಚಿನ ಮೇಲೆ ಕುಳಿತು ಐದು ನಿಮಿಷ ಮಾತೇ ಆಡಲಾರದೆ ಉಸಿರು ಹಿಡಿದು, ಚಪ್ಪಲಿಯ ಪಟ್ಟಿ ಪಾದದೊಳಗೆ ಹುದುಗಿದವರನ್ನು ನಾನು ಕಾಣುತ್ತಿರುತ್ತೇನೆ. ‘ಡಾಕ್ಟರಿಗೆ ತೋರಿಸಿದಿರಾ?’ ಎಂದರೆ ಬರುವ ಉತ್ತರ ಒಂದೇ: ‘ಈ ವಯಸ್ಸಿಗೆ ಇಷ್ಟಾದರೂ ಇದೆಯಲ್ಲ.’

ನಮ್ಮಂಥ ಪರಸ್ಥಳದ ಕನ್ನಡಿಗರಿಗೆ ಇವೆಲ್ಲದರ ಮೇಲೆ ಇನ್ನೊಂದು ಅಡ್ಡಿ ಇದೆ. ಇಂಗ್ಲೆಂಡಿನ ಆ ಸಂಶೋಧಕರಿಗೆ ಇದು ಎದುರಾಗಿರಲಾರದು. ನಮ್ಮ ತಾಯಿಯವರು ಹಾವೇರಿಯ ಕಡೆಯಿಂದ ಇಲ್ಲಿಗೆ ಬಂದು ಮೂರು ವರ್ಷವಾಯಿತು. ಅವರಿಗೆ ಬರುವುದು ಕನ್ನಡ ಒಂದೇ, ಅದೂ ನಮ್ಮ ಸೀಮೆಯ ಕನ್ನಡ. ಏದುಸಿರಿಗೆ ಅವರು ಹೇಳುವ ಮಾತು ‘ದಮ್ಮು’. ‘ನಾಕು ಹೆಜ್ಜಿ ಇಟ್ಟರ ದಮ್ಮು ಬರತೈತ್ರಿ’ ಎಂದು ಅವರು ಹೇಳಿದರು. ಆ ದಿನ ಜೊತೆಗೆ ಹೋಗಿದ್ದ, ಮರಾಠಿ ಚೆನ್ನಾಗಿ ಬಲ್ಲ ನೆರೆಯವರು ಅದನ್ನು ‘ದಮಾ’ ಎಂದು ಡಾಕ್ಟರಿಗೆ ತಿಳಿಸಿದರು. ಮರಾಠಿಯಲ್ಲಿ ದಮಾ ಎಂದರೆ ಅಸ್ತಮಾ ರೋಗ. ಡಾಕ್ಟರು ಅಸ್ತಮಾಕ್ಕೆ ಸೇದುವ ಔಷಧ ಬರೆದುಕೊಟ್ಟರು. ನೆರೆಯವರದು ಉಪಕಾರ ಬುದ್ಧಿಯೇ. ಡಾಕ್ಟರೂ ಕೇಳಿದ ಮಾತಿಗೆ ತಕ್ಕ ಔಷಧವನ್ನೇ ಕೊಟ್ಟರು. ಕಾಲಿನ ಬಾವನ್ನು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಸೀರೆಯ ಅಂಚಿನ ಕೆಳಗೆ ಅದು ಮರೆಯಾಗಿತ್ತು. ಐದು ವಾರಗಳ ತರುವಾಯ ಬೇರೊಬ್ಬ ವೈದ್ಯರು ಎಕೋ ಮಾಡಿಸಿದಾಗ ಹೃದಯ ಪ್ರತಿ ಬಡಿತಕ್ಕೂ ತನ್ನಲ್ಲಿರುವ ರಕ್ತದಲ್ಲಿ ನೂರಕ್ಕೆ ೩೦ರಷ್ಟನ್ನು ಮಾತ್ರ ಹೊರಗೆ ಕಳುಹಿಸುತ್ತಿದೆಯೆಂದು ತಿಳಿಯಿತು. ಅದು ೫೫ಕ್ಕೆ ಮೇಲಿರುವುದು ಸಾಧಾರಣ. ಒಂದು ‘ಮ್ಮು’ ಮತ್ತು ಒಂದು ‘ಮಾ’ ಇವುಗಳ ನಡುವೆ ಐದು ವಾರ ಹೋದುವು.

ಎರಡನೆಯ ಅಡ್ಡಿ ನಮ್ಮ ಮರ್ಯಾದೆ. ಡಾಕ್ಟರು ‘ಹೇಗಿದ್ದೀರಿ?’ ಎಂದರೆ ನಮ್ಮ ಹಿರಿಯರು ‘ಆರಾಮ ಅದೀನ್ರಿ’ ಎನ್ನುತ್ತಾರೆ. ಅದು ಕುಶಲ ಪ್ರಶ್ನೆಗೆ ಕೊಡುವ ಉತ್ತರ. ರೋಗದ ವರದಿ ಅಲ್ಲ. ಮಗ ರಜೆ ಹಾಕಿ, ಎರಡು ಗಾಡಿ ಬದಲಿಸಿ ಕರೆತಂದಿದ್ದಾನೆ. ಅವನ ಎದುರಿಗೆ ‘ರಾತ್ರಿ ಕುಳಿತೇ ಬೆಳಗು ಮಾಡಿದೆ’ ಎನ್ನಲು ತಾಯಿಗೆ ಮನಸ್ಸು ಬಾರದು. ಆದುದರಿಂದ ‘ಹೇಗಿದ್ದೀರಿ’ ಎಂದು ಕೇಳಿ ಪ್ರಯೋಜನವಿಲ್ಲ. ‘ಎಷ್ಟು ದಿಂಬು?’, ‘ನೀರಿನ ಮನೆಗೆ ಹೋಗಿ ಬರುವಾಗ ನಡುವೆ ನಿಲ್ಲುತ್ತೀರಾ?’, ‘ಕಾಲುಂಗುರ ಬಿಗಿಯಾಗಿದೆಯೆ?’ ಎಂದು ಕೇಳಬೇಕು. ಕೊನೆಯ ಪ್ರಶ್ನೆ ಯಾವ ವೈದ್ಯಗ್ರಂಥದಲ್ಲಿಯೂ ಇರಲಾರದು; ನನ್ನ ಹೆಂಡತಿ ಕಂಡುಕೊಂಡದ್ದು, ಬಹಳ ಉಪಯುಕ್ತವಾಗಿದೆ.

ಮೂರನೆಯದು ಕಾಗದಪತ್ರ. ಹಿರಿಯರು ಆರು ತಿಂಗಳು ಊರಿನಲ್ಲಿ, ನಾಲ್ಕು ತಿಂಗಳು ಇಲ್ಲಿ, ಎರಡು ತಿಂಗಳು ಮಗಳ ಮನೆಯಲ್ಲಿ. ಎಕೋದ ವರದಿ ಊರಿನ ಟ್ರಂಕಿನಲ್ಲಿ, ಔಷಧದ ಚೀಟಿ ಮಗಳ ಮನೆಯ ಕ್ಯಾಲೆಂಡರಿನ ಹಿಂದೆ. ಹೊಸ ಡಾಕ್ಟರು ಪ್ರತಿ ಸಲವೂ ಹೊಸದಾಗಿ ಶುರುಮಾಡುತ್ತಾರೆ. ಈ ಔಷಧಗಳ ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ, ವಾರಗಳ ಮೇಲೆ ಏರಿಸಬೇಕಾಗುತ್ತದೆ. ನಡುನಡುವೆ ರಕ್ತ ಪರೀಕ್ಷೆ ಮಾಡಿ ಮೂತ್ರಪಿಂಡ, ಪೊಟ್ಯಾಸಿಯಂ ನೋಡಬೇಕು. ಮೂರು ಊರುಗಳಲ್ಲಿ ಮೂರು ಖಾತೆ ತೆರೆದು ಒಂದರಲ್ಲಿಯೂ ಶಿಲ್ಕು ಮುಂದಕ್ಕೆ ತೆಗೆದುಕೊಂಡು ಹೋಗದಿದ್ದರೆ ಲೆಕ್ಕ ಹೇಗೆ ತಾಳೆಯಾದೀತು?

ಇನ್ನು ಉಪ್ಪು. ಈ ಮಾತು ಎತ್ತಿದರೆ ನಮ್ಮ ಮಹಿಳಾ ವಿಭಾಗದವರು ನನ್ನನ್ನು ಕ್ಷಮಿಸಲಾರರು. ಉಪ್ಪನ್ನು ಪೂರ್ಣ ಬಿಡಿರೆಂದು ಯಾರೂ ಹೇಳುವುದಿಲ್ಲ. ೨೦೨೨ರಲ್ಲಿ ಹಲವು ದೇಶಗಳ ಹೃದಯ ವೈಫಲ್ಯ ರೋಗಿಗಳಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ತೀರ ಕಠಿಣವಾಗಿ ಉಪ್ಪನ್ನು ಕಡಿದವರಿಗೆ ಸಾವಿನಲ್ಲಾಗಲಿ ಆಸ್ಪತ್ರೆಗೆ ಸೇರುವುದರಲ್ಲಾಗಲಿ ವಿಶೇಷ ಲಾಭ ಕಾಣಲಿಲ್ಲ. ಆದರೆ ಎಲ್ಲರಿಗೂ ದಿನಕ್ಕೆ ಐದು ಗ್ರಾಮಿಗಿಂತ ಕಡಮೆ, ಅಂದರೆ ಒಂದು ಸಣ್ಣ ಚಮಚದೊಳಗೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊರಿನಿಂದ ಬರುವ ಡಬ್ಬಿಗಳಲ್ಲಿ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಸಂಡಿಗೆ, ಹಪ್ಪಳ. ಹಪ್ಪಳದ ಖಾರದಲ್ಲಿ ಬೇರೆ ಸೋಡಾ ಸೇರಿರುತ್ತದೆ. ಡಾಕ್ಟರು ‘ಉಪ್ಪು ಕಡಮೆ ಮಾಡಿ’ ಎಂದಾಗ ನಮ್ಮವರು ಸಾರಿನ ಉಪ್ಪನ್ನು ಕಡಮೆ ಮಾಡುತ್ತಾರೆ, ಸಪ್ಪೆಯಾಯಿತೆಂದು ಉಪ್ಪಿನಕಾಯಿ ಎರಡು ಹೋಳು ಹೆಚ್ಚು ಹಾಕಿಕೊಳ್ಳುತ್ತಾರೆ. ಇಲ್ಲಿನ ಡಾಕ್ಟರಿಗೆ ಬಾಳಕ ಗೊತ್ತಿಲ್ಲ. ಕೇಳುವ ಸಂಭವವೂ ಇಲ್ಲ.

ನೀರಿನ ಗುಳಿಗೆಯ ಕಥೆಯೂ ಹೀಗೆಯೇ. ಅದನ್ನು ನುಂಗಿದರೆ ಕೆಲವು ಗಂಟೆಗಳ ಕಾಲ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಡೊಂಬಿವಿಲಿಯಿಂದ ಲೋಕಲ್ ಗಾಡಿ ಹತ್ತಿ ದಾದರಿಗೆ ಹೋಗುವ ದಿನ, ಮದುವೆಗೆ ಹೋಗುವ ದಿನ, ನಮ್ಮ ಈ ಸಭೆಗೆ ಬರುವ ದಿನ, ಹಿರಿಯರು ಆ ಗುಳಿಗೆಯನ್ನು ಸುಮ್ಮನೆ ಬಿಡುತ್ತಾರೆ. ಯಾರಿಗೂ ಹೇಳುವುದಿಲ್ಲ, ವಿಶೇಷವಾಗಿ ಹೆಂಗಸರು. ಹೇಳಿಕೊಂಡರೆ ಗುಳಿಗೆಯ ಹೊತ್ತನ್ನು ಬದಲಿಸಿ ಕೊಡುವ ಉಪಾಯ ಡಾಕ್ಟರಲ್ಲಿ ಉಂಟು. ನಮ್ಮ ತಾಯಿಯವರು ಈಗ ಹೊರಗೆ ಹೋಗುವ ದಿನ ಬಂದ ಮೇಲೆ ತೆಗೆದುಕೊಳ್ಳುತ್ತಾರೆ. ಡಾಕ್ಟರನ್ನು ಕೇಳಿಯೇ ಮಾಡಿದ ಏರ್ಪಾಡು. ಗೋಡೆಗೆ ತೂಗುಹಾಕಿದ ಒಂದು ಲೆಕ್ಕದ ಪುಸ್ತಕದಲ್ಲಿ ಪ್ರತಿದಿನ ಬೆಳಗ್ಗೆ ತೂಕ ಬರೆಯುತ್ತೇವೆ. ಮೂರು ದಿನಗಳಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ಅದು ಮೈಗೂಡಿದ್ದಲ್ಲ, ನೀರು ನಿಂತದ್ದು. ತಡಮಾಡದೆ ಡಾಕ್ಟರಿಗೆ ತಿಳಿಸಬೇಕು ಎಂಬುದು ಈ ರೋಗದಲ್ಲಿ ಎಲ್ಲ ಕಡೆಯೂ ಹೇಳುವ ನಿಯಮ. ಹೋದ ಶ್ರಾವಣದಲ್ಲಿ ಒಮ್ಮೆ ಹಾಗೆ ಏರಿದಾಗ, ಗುಳಿಗೆ ಹೆಚ್ಚಿಸಿದುದರಿಂದ ಆಸ್ಪತ್ರೆಗೆ ಸೇರುವುದು ತಪ್ಪಿತು.

ಇದಕ್ಕೆಲ್ಲ ಏನು ಮಾಡಬಹುದು? ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ೧೬೫ ರೋಗಿಗಳ ಮೇಲೆ ನಡೆದು ೨೦೦೧ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಿದೆ. ಅರ್ಧ ಜನರಿಗೆ ಎಂದಿನ ಉಪಚಾರ. ಉಳಿದರ್ಧ ಜನರ ಮನೆಗೆ ಈ ರೋಗದಲ್ಲಿ ತರಬೇತಿ ಪಡೆದ ದಾದಿಯರು ಹೋಗಿ ಬಂದರು. ಔಷಧವನ್ನು ವಿವರಿಸಿದರು, ತೂಕ ನೋಡುವುದನ್ನು ಕಲಿಸಿದರು, ದೂರವಾಣಿಯಲ್ಲಿ ವಿಚಾರಿಸಿದರು. ದಾದಿ ಹೋದ ಮನೆಗಳ ರೋಗಿಗಳು ಮತ್ತೆ ಆಸ್ಪತ್ರೆಗೆ ಸೇರಿದುದು ಎಷ್ಟೋ ಕಡಮೆ. ಹೊಸ ಔಷಧ ಏನೂ ಇಲ್ಲ. ಇದ್ದ ಔಷಧ, ಕೇಳುವ ಒಬ್ಬ ಮನುಷ್ಯ, ಅಷ್ಟೆ. ಇಂಥ ದಾದಿಯರು ನಮ್ಮ ನಗರಗಳಲ್ಲಿ ಎಲ್ಲರ ಮನೆ ಬಾಗಿಲಿಗೂ ಬರುವ ಕಾಲ ದೂರವಿದೆ. ಅದಕ್ಕಾಗಿ ಕಾಯುತ್ತ ಕೂರುವುದು ನನಗೆ ಸರಿತೋರುವುದಿಲ್ಲ.

ಆದುದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಣ್ಣ ಸೂಚನೆ ಇಡುತ್ತೇನೆ. ನಮ್ಮ ಸದಸ್ಯ ಕುಟುಂಬಗಳಲ್ಲಿ ದಾದಿಯರಾಗಿ ದುಡಿಯುವ ಹೆಣ್ಣುಮಕ್ಕಳಿದ್ದಾರೆ, ಔಷಧದ ಅಂಗಡಿಯವರಿದ್ದಾರೆ, ನಿವೃತ್ತರಾಗಿ ಬೆಳಗಿನ ಹೊತ್ತು ಬಿಡುವಾಗಿರುವವರಿದ್ದಾರೆ. ಕನ್ನಡವೊಂದೇ ಬಲ್ಲ ಹಿರಿಯರು ಆಸ್ಪತ್ರೆಗೆ ಹೋಗುವ ದಿನ ಇವರಲ್ಲೊಬ್ಬರು ಜೊತೆಗೆ ಹೋಗಿ, ಅವರು ಹೇಳಿದುದನ್ನು ಹೇಳಿದ ಹಾಗೆಯೇ ಡಾಕ್ಟರಿಗೆ ಮುಟ್ಟಿಸಿ, ಡಾಕ್ಟರು ಹೇಳಿದುದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಟ್ಟರೆ ಸಾಕು. ಉಪಚಾರ ಹೇಳುವುದು ಬೇಡ, ಸಲಹೆ ಕೊಡುವುದೂ ಬೇಡ. ಹೆಸರು ಕೊಡಬಯಸು‌ವವರಿಗಾಗಿ ಕಾರ್ಯದರ್ಶಿಗಳ ಮೇಜಿನ ಮೇಲೆ ಒಂದು ಹಾಳೆ ಇಟ್ಟಿದ್ದೇನೆ. ಯಾವ ಯಾವ ಭಾಷೆ ಬರುತ್ತದೆ, ವಾರದಲ್ಲಿ ಯಾವ ದಿನ ಬಿಡುವು, ಯಾವ ಸ್ಟೇಷನ್ನಿನ ಹತ್ತಿರ ಮನೆ ಎಂದು ಮೂರು ಅಂಕಣ ಎಳೆದಿದೆ. ಕನ್ನಡದಲ್ಲಿ ಯಾವ ಸೀಮೆಯ ಮಾತು ಚೆನ್ನಾಗಿ ತಿಳಿಯುತ್ತದೆ ಎಂಬುದನ್ನೂ ಪಕ್ಕದಲ್ಲಿ ಬರೆದರೆ ಒಳ್ಳೆಯದು.